ಸಲಹೆಗಾರರ ಪೂರ್ವೋತ್ತರ

ಬೊಂಬಾಯಿಯಿಂದ ಬಂದ ಮನುಷ್ಯ ಕಾಫಿ ಮುಟ್ಟಲಿಲ್ಲ. ವಿನಿಫ್ರೆಡ್ ಬಾಯಿಗೆ ಅನುಮಾನ ಹುಟ್ಟಿದ್ದು ಅಲ್ಲಿಂದಲೇ.

ಮಂಗಳೂರಿನ ಜೆಪ್ಪುವಿನ ಮನೆಗಳಲ್ಲಿ ಬಂದವರು ಕಾಫಿ ಬೇಡವೆಂದರೆ ಒಂದೋ ಅವರ ಹೊಟ್ಟೆ ಸರಿಯಿಲ್ಲ, ಇಲ್ಲವೇ ಮನಸ್ಸು ಸರಿಯಿಲ್ಲ. ನೊರ್ಬರ್ಟ್ ಲೋಬೊ ನೋಡಲು ಗಟ್ಟಿಮುಟ್ಟಾಗಿಯೇ ಇದ್ದರು. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಏಪ್ರಿಲ್ ತಿಂಗಳ ಸೆಕೆಯಲ್ಲೂ ಬಿಗಿದ ಟೈ. ಕುರ್ಚಿಯ ತುದಿಯಲ್ಲಿ ಕುಳಿತು, ಕಪ್ಪನ್ನು ತುಸು ದೂರ ಸರಿಸಿ, ಅವರು ಆಡಿದ ಮೊದಲ ಮಾತೇ ಫೀಸಿನದ್ದು.

"ಅರ್ಧ ಈಗ, ಅರ್ಧ ನನ್ನ ಕೆಲಸ ಮುಗಿದ ಮೇಲೆ. ವ್ಯಾಪಾರ ಕುದುರಿದ್ರೂ ಅಷ್ಟೇ, ಮುರಿದ್ರೂ ಅಷ್ಟೇ ಬಾಯಿ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ."

ಪಕ್ಕದಲ್ಲಿದ್ದ ಮೈದುನ ಆಂಬ್ರೋಸ್ ಕೆಮ್ಮಿದ. ಅದು ಬೇಕೆಂದೇ ಕೆಮ್ಮಿದ ಕೆಮ್ಮು.

ವಿಷಯ ಇಷ್ಟು. ವಿನಿಫ್ರೆಡ್ ಬಾಯಿಯ ಗಂಡ ಜಾರ್ಜ್ ನೇತ್ರಾವತಿಯ ದಡದಲ್ಲಿ ಒಂದು ಹಂಚಿನ ಕಾರ್ಖಾನೆ ನಡೆಸುತ್ತಿದ್ದರು. ಎರಡು ವರ್ಷಗಳ ಹಿಂದೆ ಅವರು ತೀರಿಕೊಂಡಾಗ ಅರ್ಧ ಪಾಲು ಹೆಂಡತಿಗೆ ಬಂತು. ಉಳಿದರ್ಧ ಮೊದಲಿನಿಂದಲೂ ತಮ್ಮ ಆಂಬ್ರೋಸನದು. ಬಾಯಿಗೆ ಬೇರೆ ಆದಾಯವಿರಲಿಲ್ಲ, ಮಕ್ಕಳೂ ಇರಲಿಲ್ಲ. ಈಗ ಬಂದರಿನ ಹಸೈನಾರ್ ಹಾಜಿಯವರು ಕಾರ್ಖಾನೆಯನ್ನು ಕೊಳ್ಳಲು ಮುಂದೆ ಬಂದಿದ್ದರು. ಹಾಜಿಯವರದು ಮರದ ವ್ಯಾಪಾರ, ಕಡಲಲ್ಲಿ ಸರಕು ಸಾಗಿಸುವ ಮಂಜಿಗಳು, ಜೊತೆಗೆ ಹೊಸದಾಗಿ ಒಂದು ಹಂಚಿನ ಕಾರ್ಖಾನೆ. ಎರಡು ಕಾರ್ಖಾನೆಗಳನ್ನು ಒಂದು ಮಾಡಬೇಕೆಂಬುದು ಅವರ ಆಸೆ. ಮಳೆಗಾಲ ಶುರುವಾಗಿ ಮಂಜಿಗಳು ದಡ ಸೇರುವ ಮೊದಲು ಉತ್ತರ ಬೇಕೆಂದು ಹೇಳಿ ಕಳುಹಿಸಿದ್ದರು.

ಆಂಬ್ರೋಸನಿಗೆ ಮಾರಿ ಕೈತೊಳೆದುಕೊಳ್ಳುವ ಆತುರ. ಅವನಿಗೆ ಬಸ್ಸು ತೆಗೆದು ರಸ್ತೆಗೆ ಬಿಡಬೇಕಾಗಿತ್ತು. ಬಾಯಿ ಒಂದು ಸಹಿ ಹಾಕಿದರೆ ಆಯಿತು. ಆ ಸಹಿಯ ಜೊತೆಗೆ ತನ್ನ ಅನ್ನದ ದಾರಿ ಹೋಗುತ್ತದೋ ಬರುತ್ತದೋ ಎಂಬುದೇ ಆಕೆಗೆ ಗೊತ್ತಾಗುತ್ತಿರಲಿಲ್ಲ. ಬೊಂಬಾಯಿಯ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ತಂಗಿಯ ಮಗಳು ಬೆನಿಟಾ ಕಾಗದ ಬರೆದಿದ್ದಳು: ದೊಡ್ಡಮ್ಮಾ, ಕಂಪೆನಿಗಳನ್ನು ತೂಗಿ ನೋಡಿ, ಕೊಡಬೇಕೋ ಕೂಡಿಸಬೇಕೋ ಎಂದು ಹೇಳುವುದನ್ನೇ ಕೆಲಸ ಮಾಡಿಕೊಂಡವರು ಇಲ್ಲಿದ್ದಾರೆ, ಅದರಲ್ಲೊಬ್ಬರು ನಮ್ಮೂರಿನವರೇ, ಅವರನ್ನು ಕೇಳದೆ ಸಹಿ ಹಾಕಬೇಡ.

ಹಾಗೆ ಬಂದವರು ಈ ನೊರ್ಬರ್ಟ್.

ಅವರು ಗೇಟು ದಾಟುವುದನ್ನೇ ಕಾದಿದ್ದು ಆಂಬ್ರೋಸ್ ಬಾಯಿಬಿಟ್ಟ. "ವೊನಿ," ಎಂದ. ಅತ್ತಿಗೆಯನ್ನು ಅವನು ಕರೆಯುವುದು ಹಾಗೆಯೇ. "ಮದುವೆ ಮುರಿದ್ರೂ ಕೈ ಚಾಚುವ ರಾಯಭಾರಿಯನ್ನು ಎಲ್ಲಿಯಾದ್ರೂ ಕಂಡದ್ದುಂಟಾ? ನಮ್ಮ ವಿಲ್ಲಿ ಮಾಮ್ ನೋಡಿ. ಕೆಲಸ ಆಗುವವರೆಗೆ ಒಂದು ಕಾಸು ಮುಟ್ಟುವವರಲ್ಲ."

ಇದು ನಿಜ. ವಿಲ್ಲಿ ಪಿಂಟೊ ಹಂಪನಕಟ್ಟೆಯಲ್ಲಿ ಕಮಿಷನ್ ಏಜೆಂಟರು. ಆದರೆ ಊರು ಅವರನ್ನು ಬಲ್ಲದ್ದು ಮದುವೆ ಕುದುರಿಸುವ ರಾಯಭಾರಿಯೆಂದು. ವಿನಿಫ್ರೆಡ್ ಮತ್ತು ಜಾರ್ಜ್ ಮದುವೆಯನ್ನು ಮಾಡಿಸಿದ್ದೂ ಅವರೇ. ಹಾಜಿಯವರ ಮಾತನ್ನು ತಂದದ್ದೂ ಅವರೇ. ಬರುವಾಗ ಯಾವಾಗಲೂ ಬಾಯಿಗೆಂದು ಏನಾದರೂ ಕೈಯಲ್ಲಿ ಹಿಡಿದಿರುತ್ತಿದ್ದರು, ಒಂದು ಕಟ್ಟು ಹರಿವೆ ಸೊಪ್ಪಾದರೂ. ಕಾಫಿಯನ್ನಂತೂ ಎರಡು ಸಲ ಕೇಳಿ ಕುಡಿಯುತ್ತಿದ್ದರು.

ಮುಂದಿನ ದಿನಗಳಲ್ಲಿ ನೊರ್ಬರ್ಟ್ ಮಾಡಿದ್ದೆಲ್ಲವೂ ಬಾಯಿಯ ಅನುಮಾನವನ್ನು ಬೆಳೆಸಿತು. ಕಾರ್ಖಾನೆಗೆ ಬಂದವರು ಜಾರ್ಜ್ ಅಷ್ಟು ಹೆಮ್ಮೆಯಿಂದ ಕಟ್ಟಿಸಿದ್ದ ಹಂಚು ಸುಡುವ ಭಟ್ಟಿಯನ್ನು ಒಂದು ಸುತ್ತು ನೋಡಿ ಮುಖ ತಿರುಗಿಸಿದರು. ಒಡೆದ ಹಂಚಿನ ರಾಶಿಯನ್ನು ಮಾತ್ರ ಕೋಲಿನಿಂದ ಕೆದಕಿ ಕೆದಕಿ ನೋಡಿದರು. ಆಮೇಲೆ ಹೊಳೆಯ ಬದಿಯ ದಕ್ಕೆಗೆ ಹೋಗಿ, ಆವೆಮಣ್ಣಿನ ದೋಣಿಗಳು ಬಂದು ಮಣ್ಣಿಳಿಸಿ ಹೋಗುವುದನ್ನು ನೋಡುತ್ತಾ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಸುಮ್ಮನೆ ಕುಳಿತರು. ಮಣ್ಣು ಹೊರುವ ಹೆಂಗಸೊಬ್ಬಳು ಅವರ ಬಿಳಿ ಪ್ಯಾಂಟನ್ನು ಕಂಡು ಅಯ್ಯೋ ಅನಿಸಿ ಕುಳಿತುಕೊಳ್ಳಲು ಒಂದು ತೊಳೆದ ಗೋಣಿ ಹಾಸಿಕೊಟ್ಟಳಂತೆ. ಅವಳಿಗೆ ಎದ್ದು ನಿಂತು ನಮಸ್ಕಾರ ಮಾಡಿದರಂತೆ. ಅದನ್ನು ಕೇಳಿಯೂ ಬಾಯಿಗೆ ಸಮಾಧಾನವಾಗಲಿಲ್ಲ. ಗೌರವ ಕೊಡುವುದನ್ನು ಬಲ್ಲ ಮೋಸಗಾರರೂ ಇರುತ್ತಾರೆ.

ಬುಧವಾರ ಸಂಜೆ ಆಂಬ್ರೋಸ್ ಮೆಟ್ಟಿಲು ಹತ್ತುವಾಗಲೇ ಕೂಗಿಕೊಂಡು ಬಂದ.

"ವೊನಿ, ನಿಮ್ಮ ಬೊಂಬಾಯಿ ದೊರೆ ಇವತ್ತು ಎಲ್ಲಿದ್ದ ಗೊತ್ತುಂಟಾ? ಬಂದರಿನಲ್ಲಿ! ಹಾಜಿಯವರ ಕಾರಿನಲ್ಲಿ! ಹಿಂದಿನ ಸೀಟಿನಲ್ಲಿ ಇಬ್ಬರೂ ಭಾವ ಮೈದುನರ ಹಾಗೆ ಕೂತಿದ್ರು. ನಾನು ಈ ಕಣ್ಣಲ್ಲಿ ನೋಡಿದ್ದು."

"ಎಂತಕ್ಕೆ ಹೋದದ್ದಂತೆ?"

"ಎಂತಕ್ಕೆ ಅಂತ ಕೇಳ್ಬೇಕಾ? ನಮ್ಮ ದುಡ್ಡು ತಗೊಂಡು ಅವರಿಗೆ ಕೆಲಸ ಮಾಡ್ತಾನೆ. ಅಷ್ಟೇ ಮಾರಾಯ್ರೆ."

ಬಾಯಿ ಆ ರಾತ್ರಿ ಊಟಕ್ಕೆ ಕುಳಿತು ಅನ್ನವನ್ನು ಕಲಸುತ್ತಲೇ ಇದ್ದರು. ನೊರ್ಬರ್ಟರನ್ನು ಹೋಗಿ ಎಂದುಬಿಡಬಹುದು. ಆದರೆ ಆಮೇಲೆ ಯಾರ ಮಾತು ಕೇಳುವುದು? ತಿಳಿಯದ ಮನುಷ್ಯನ ಬಗ್ಗೆ ತಿಳಿಯುವುದು ಹೇಗೆ? ಆಕೆಗೆ ಗೊತ್ತಿದ್ದ ದಾರಿ ಒಂದೇ. ಮನೆಗೆ ಅಳಿಯನನ್ನು ತರುವಾಗ ಏನು ಮಾಡುತ್ತಾರೋ ಅದು. ಹುಡುಗನ ಊರಿಗೆ ಹೋಗಿ, ಮನೆತನ ಹೇಗೆ, ಕುಡಿತವುಂಟೋ, ಮನೆಯಲ್ಲಿ ಹುಚ್ಚು ಉಬ್ಬಸ ಉಂಟೋ ಎಂದು ಪೂರ್ವೋತ್ತರ ವಿಚಾರಿಸುವುದು. ನೊರ್ಬರ್ಟರ ಅಕ್ಕ ವಾಮಂಜೂರಿನಲ್ಲಿ ಇದ್ದಾಳೆಂದು ಬೆನಿಟಾ ಬರೆದಿದ್ದಳು.

ಮರುದಿನ ಬಾಯಿ ಸೀರೆಯ ಸೆರಗನ್ನು ತಲೆಗೆಳೆದು ಹಂಪನಕಟ್ಟೆಯಲ್ಲಿ ಬಸ್ಸು ಹತ್ತಿದರು. ನಿಂತ ಜನರ ನಡುವೆ ಸೆಕೆಗೆ ಆಕೆಯ ಮುಖ ಕೆಂಪಾದದ್ದನ್ನು ಕಂಡು ಕಂಡಕ್ಟರು ತನ್ನ ಚೀಲವನ್ನು ಸೀಟಿನಿಂದೆತ್ತಿ, "ಬಾಯಮ್ಮ, ಇಲ್ಲಿ ಗಾಳಿ ಉಂಟು, ಕೂತ್ಕೊಳ್ಳಿ" ಎಂದ. ವಾಮಂಜೂರಿನಲ್ಲಿ ಇಳಿಸಿ, ಗದ್ದೆಯಾಚೆಯ ಮನೆಯನ್ನು ಬೆರಳು ಮಾಡಿ ತೋರಿಸಿ, ಆಕೆ ಗದ್ದೆಯ ಬದುವಿಗಿಳಿಯುವವರೆಗೆ ಬಸ್ಸು ನಿಲ್ಲಿಸಿಕೊಂಡಿದ್ದ.

ನೊರ್ಬರ್ಟರ ಅಕ್ಕ ಡಾಲಿ ಬಾಯಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ದಪ್ಪ ದೇಹ, ಅದಕ್ಕಿಂತ ದಪ್ಪ ದನಿ.

"ನಿಮ್ಮ ತಮ್ಮ ನೊರ್ಬರ್ಟ್ ಅವರ ವಿಷಯ ಸ್ವಲ್ಪ ಕೇಳ್ಬೇಕಿತ್ತು," ಎಂದು ವಿನಿಫ್ರೆಡ್ ಬಾಯಿ ಮೆಲ್ಲಗೆ ಶುರು ಮಾಡಿದರು. "ಜನ ಹೇಗೆ, ಮನೆತನ ಹೇಗೆ..."

ಡಾಲಿ ಬಾಯಿ ಹಪ್ಪಳ ಹಿಡಿದ ಕೈಯನ್ನು ಸೊಂಟಕ್ಕಿಟ್ಟರು. "ಅಯ್ಯೋ ದೇವರೇ, ಮತ್ತೆಯಾ? ಎಂತ ನಡೀತಾ ಉಂಟು ಇದು? ಮೊನ್ನೆ ಒಬ್ಬರು ಬ್ಯಾರಿ ಹೆಂಗಸು ದೊಡ್ಡ ಕಾರಿನಲ್ಲಿ ಬಂದು ಇದನ್ನೇ ಕೇಳಿದ್ದು. ಜನ ಹೇಗೆ, ಮಾತು ಹೇಗೆ, ಹಣದಾಸೆ ಉಂಟಾ ಅಂತ. ನೋಡಿ ಬಾಯಿ, ಅವನಿಗೆ ಬೊಂಬಾಯಿಯಲ್ಲಿ ಹೆಂಡತಿ ಉಂಟು, ಮೂರು ಮಕ್ಕಳುಂಟು, ತಲೆ ಅರ್ಧ ಬೋಳಾಗಿದೆ. ಈಗ ಅವನಿಗೆ ಹೆಣ್ಣು ಕೊಡುವವರು ಯಾರು?"

ವಿನಿಫ್ರೆಡ್ ಬಾಯಿಗೆ ನಗು ಬರಬೇಕಿತ್ತು. ಆದರೆ ಕಿವಿ ಬೇರೆಡೆಗೆ ನೆಟ್ಟಿತ್ತು. "ಬ್ಯಾರಿ ಹೆಂಗಸಾ? ಹೆಸರು ಎಂತ?"

"ಬೀಫಾತಿಮ್ಮ ಅಂದ್ರು. ಒಳ್ಳೆ ಜನ. ನನ್ನ ಕಾಲುನೋವು ನೋಡಿ ಯಾವುದೋ ಎಣ್ಣೆ ಕಳಿಸ್ತೇನೆ ಅಂದ್ರು, ಮರುದಿನವೇ ಕಳಿಸಿಯೂ ಬಿಟ್ರು."

ಬೀಫಾತಿಮ್ಮ ಹಸೈನಾರ್ ಹಾಜಿಯವರ ಹೆಂಡತಿ. ಅದು ಮಂಗಳೂರಿಗೆಲ್ಲ ಗೊತ್ತು.

ಡಾಲಿ ಬಾಯಿ ಕಾಫಿ ತಂದಿಟ್ಟರು. ಒಂದು ಲೋಟದಲ್ಲಿ ಮಾತ್ರ ಹಾಲಿಲ್ಲದ ಗಂಜಿನೀರಿನಂಥದ್ದೇನೋ ಇತ್ತು. "ಇದು ನೊರ್ಬರ್ಟನಿಗೆ. ಈಗ ಬರಬಹುದು. ಬೊಂಬಾಯಿ ಹೋಟೆಲ್ ಊಟ ತಿಂದು ತಿಂದು ಹೊಟ್ಟೆಹುಣ್ಣು. ಕಾಫಿ ಅಂದ್ರೆ ಅವನಿಗೆ ವಿಷ."

ನೊರ್ಬರ್ಟ್ ಬರುವ ಮೊದಲೇ ಬಾಯಿ ಎದ್ದು ಹೊರಟುಬಿಟ್ಟರು. ಸಿಕ್ಕಿಬಿದ್ದರೆ ಮುಖ ಎಲ್ಲಿಡುವುದು?

ಬಸ್ಸಿನಲ್ಲಿ ಕುಳಿತಾಗ ಮನಸ್ಸು ನಿಧಾನವಾಗಿ ಒಂದೊಂದೇ ಎಳೆಯನ್ನು ಬಿಡಿಸಿತು. ನೊರ್ಬರ್ಟ್ ಹಾಜಿಯವರ ಜನವೇ ಆಗಿದ್ದರೆ ಹಾಜಿಯವರ ಹೆಂಡತಿ ಇಷ್ಟು ದೂರ ಬಂದು ಅವರ ಬಗ್ಗೆ ಕೇಳುವುದೇಕೆ? ತಮ್ಮ ಜನವನ್ನು ಯಾರಾದರೂ ವಿಚಾರಿಸುತ್ತಾರೆಯೇ? ಅಂದರೆ ಆ ಮನೆಯವರಿಗೂ ನೊರ್ಬರ್ಟರ ಮೇಲೆ ಅನುಮಾನ. ಇತ್ತ ನಮಗೂ ಅನುಮಾನ. ಎರಡೂ ಕಡೆಯವರು ಒಬ್ಬನೇ ಮನುಷ್ಯನ ಪೂರ್ವೋತ್ತರ ಹುಡುಕಿಕೊಂಡು ವಾಮಂಜೂರಿನ ಗದ್ದೆ ತುಳಿದಿದ್ದೇವೆ.

ಯಾರ ಬಗ್ಗೆ ಎರಡೂ ಕಡೆಯವರು ವಿಚಾರಿಸಲಿಲ್ಲ? ಬಸ್ಸು ಹಂಪನಕಟ್ಟೆಗೆ ಬರುವಷ್ಟರಲ್ಲಿ ಆ ಹೆಸರು ಬಾಯಿಯ ನಾಲಿಗೆಯ ಮೇಲಿತ್ತು. ರಾಯಭಾರಿಯನ್ನು ವಿಚಾರಿಸುವ ಪದ್ಧತಿ ಎಲ್ಲಿಯೂ ಇಲ್ಲ. ಅವನು ಎಲ್ಲರಿಗೂ ಗೊತ್ತಿದ್ದವನು.

ವಿಲ್ಲಿ ಪಿಂಟೊರ ಆಫೀಸು ಜವಳಿ ಅಂಗಡಿಯ ಮಹಡಿಯಲ್ಲಿ. ಬಾಯಿಯನ್ನು ಕಂಡದ್ದೇ ಅವರು ಎದ್ದು ತಮ್ಮ ಕುರ್ಚಿಯನ್ನೇ ಒರಸಿ ಕೊಟ್ಟರು, ನೀರು ತರಿಸಿದರು.

"ವಿಲ್ಲಿ ಮಾಮ್, ಒಂದು ಕೇಳ್ತೇನೆ, ಬೇಜಾರು ಮಾಡ್ಬಾರ್ದು. ಹಾಜಿಯವರು ನಿಮಗೆ ಏನಾದ್ರೂ ಕೊಡ್ತಾರಾ?"

ವಿಲ್ಲಿ ಮಾಮ್ ಹೊಟ್ಟೆ ಕುಣಿಯುವಂತೆ ನಕ್ಕರು. "ಕೊಡದೆ ಮತ್ತೆ? ಅವರೂ ಕೊಡ್ತಾರೆ, ಆಂಬ್ರೋಸನೂ ಕೊಡ್ತಾನೆ. ನಿಮ್ಮ ಮದುವೆಗೆ ನಾನು ನಿಮ್ಮ ಪಪ್ಪನಿಂದಲೂ ತಗೊಂಡಿದ್ದೆ, ಜಾರ್ಜನ ಪಪ್ಪನಿಂದಲೂ ತಗೊಂಡಿದ್ದೆ. ಮುಚ್ಚಿಡ್ಲಿಕ್ಕೆ ಎಂತ ಉಂಟು ಇದರಲ್ಲಿ?"

"ಮಳೆಗಾಲಕ್ಕೆ ಮೊದಲು ಆದ್ರೆ?"

"ಆದ್ರೆ ಹಾಜಿಯವರು ಸ್ವಲ್ಪ ಮೇಲೆ ಹಾಕ್ತಾರೆ. ದೊಡ್ಡ ಮನಸ್ಸಿನ ಜನ."

"ಆಗದಿದ್ರೆ?"

"ಆಗದಿದ್ರೆ ನನಗೆ ಎಂತ ಸಿಗ್ತದೆ ಮಗಳೇ? ಚೆಂಬು!" ವಿಲ್ಲಿ ಮಾಮ್ ಎರಡೂ ಅಂಗೈಗಳನ್ನು ಬಿಡಿಸಿ ತೋರಿಸಿದರು. "ಅದಕ್ಕೇ ಅಲ್ವಾ ಕೆಲಸ ಆಗಲೇಬೇಕು ಅಂತ ನಾನು ಓಡಾಡುವುದು?"

ಅವರ ಮುಖದಲ್ಲಿ ಕಪಟದ ಒಂದು ಗೆರೆಯೂ ಇರಲಿಲ್ಲ. ಮೆಟ್ಟಿಲಿಳಿಯುತ್ತಾ ಬಾಯಿ ಯೋಚಿಸಿದರು. ಈ ಮನುಷ್ಯ ಸುಳ್ಳನಲ್ಲ. ಆದರೆ ಇವರ ಕಣ್ಣಿಗೆ ಬಂದ ಗಂಡೆಲ್ಲ ಒಳ್ಳೆಯ ಗಂಡೇ ಆಗಿ ಕಾಣಬೇಕು. ಇಲ್ಲದಿದ್ದರೆ ಇವರ ಮನೆಯ ಒಲೆ ಉರಿಯುವುದಿಲ್ಲ. ಮುರಿದರೂ ಅಷ್ಟೇ, ಕುದುರಿದರೂ ಅಷ್ಟೇ ಎಂದು ಮೊದಲೇ ಹೇಳಿದವನಿಗೆ ಮಾತ್ರ ಬೇಡವೆಂದು ಹೇಳುವ ಸ್ವಾತಂತ್ರ್ಯ ಇತ್ತು.

ಮರುದಿನ ಬೆಳಗ್ಗೆ ಬಾಯಿ ನೊರ್ಬರ್ಟರನ್ನು ಕಾರ್ಖಾನೆಗೇ ಕರೆಸಿದರು. ಇಬ್ಬರೂ ದಕ್ಕೆಯ ಮೇಲೆ ನಿಂತರು.

"ಹಾಜಿಯವರ ಕಾರಿನಲ್ಲಿ ಎಂತಕ್ಕೆ ಹೋದದ್ದು ನೀವು?"

"ಅವರ ಕಾರ್ಖಾನೆ ನೋಡ್ಲಿಕ್ಕೆ." ನೊರ್ಬರ್ಟ್ ಸುತ್ತಿ ಬಳಸಲಿಲ್ಲ. "ಮಂಜಿಗಳನ್ನೂ ನೋಡಿದೆ. ಹಂಚಿನ ಕಂಪೆನಿಯ ಮೇಲೆ ಮಂಜಿಯ ಸಾಲ ಉಂಟಾ ಅಂತಲೂ ಕೇಳಿದೆ. ಆ ಪ್ರಶ್ನೆ ಅವರಿಗೆ ಇಷ್ಟ ಆಗ್ಲಿಲ್ಲ. ಆದ್ರೆ ಅದು ತಿಳಿಯದೆ, ಅವರ ಜೊತೆ ಕೂಡಿ ಅಥವಾ ಕೂಡ್ಬೇಡಿ ಅಂತ ನಿಮಗೆ ನಾನು ಹೇಗೆ ಹೇಳುವುದು?"

"ಸಾಲ ಉಂಟಾ?"

"ಇಲ್ಲ. ಬೇರೆ ಬೇರೆ ಇಟ್ಟಿದ್ದಾರೆ. ಗಟ್ಟಿ ಮನುಷ್ಯ." ಅವರು ಹೊಳೆಯ ಕಡೆ ತಿರುಗಿದರು. "ಬಾಯಿ, ಕಾರ್ಖಾನೆಗೆ ಮಾರುವವರ ಕಣ್ಣಲ್ಲಿ ಒಂದು ಬೆಲೆ, ಕೊಳ್ಳುವವರ ಕಣ್ಣಲ್ಲಿ ಇನ್ನೊಂದು. ನಿಮ್ಮ ಯಜಮಾನರ ಭಟ್ಟಿ ಹಳತಾಯಿತು. ಹಂಚು ತುಂಬಾ ಒಡೀತದೆ. ಬೇಜಾರು ಮಾಡ್ಬೇಡಿ, ಅದಕ್ಕೆ ಹೆಚ್ಚು ಬೆಲೆಯಿಲ್ಲ. ಹಾಜಿಯವರು ಹೇಳಿದ್ದು ಭಟ್ಟಿಯ ಬೆಲೆ. ಆದ್ರೆ ಅವರಿಗೆ ಬೇಕಾದ್ದು ನಾವು ನಿಂತ ಈ ದಕ್ಕೆ. ಅವರ ಕಾರ್ಖಾನೆಗೆ ಹೊಳೆ ಇಲ್ಲ. ಮಣ್ಣಿನ ದೋಣಿಗಳು ಕಂಡವರ ದಕ್ಕೆಯಲ್ಲಿ ಸರದಿ ಕಾಯ್ಬೇಕು. ಅವರು ಎರಡನೇ ಭಟ್ಟಿ ಕಟ್ಟಲು ಹೊರಟಿದ್ದಾರೆ. ಇದು ಸಿಗದಿದ್ರೆ ಆ ಭಟ್ಟಿ ಉಪವಾಸ."

ಜಾರ್ಜರ ಭಟ್ಟಿಗೆ ಬೆಲೆಯಿಲ್ಲ ಎಂಬ ಮಾತು ಬಾಯಿಯ ಎದೆಗೆ ಚುಚ್ಚಿತು. ಚುಚ್ಚುವ ಮಾತನ್ನು ವಿಲ್ಲಿ ಮಾಮ್ ಎಂದೂ ಆಡುತ್ತಿರಲಿಲ್ಲ.

"ಮತ್ತೆ ನಾನು ಎಂತ ಮಾಡ್ಬೇಕು?"

"ಆಂಬ್ರೋಸ್ ಬಾಬ್ ತಮ್ಮ ಪಾಲು ಮಾರ್ಲಿ, ಅವರಿಗೆ ನಗದು ಬೇಕು. ನೀವು ಮಾರ್ಬೇಡಿ. ನಿಮ್ಮ ಪಾಲಿನ ಬದಲಿಗೆ ಹಾಜಿಯವರ ಕಂಪೆನಿಯ ಷೇರು ಕೇಳಿ. ದಕ್ಕೆಯಲ್ಲಿ ಆಂಬ್ರೋಸ್ ಬಾಬರಿಗಿರುವ ಪಾಲನ್ನು, ಅದರ ಬೆಲೆಯನ್ನು ನಿಮ್ಮ ಷೇರಿನಲ್ಲಿ ಕಳೆದು, ನೀವೇ ತಗೊಂಡು, ಅದನ್ನು ಕಂಪೆನಿಗೆ ಬಾಡಿಗೆಗೆ ಮಾತ್ರ ಕೊಡಿ. ಅವರು ಒಪ್ಪದಿದ್ರೆ ಬಿಟ್ಟುಬಿಡಿ. ನಾನು ಬೊಂಬಾಯಿಗೆ ಹೋಗ್ತೇನೆ."

ಮಾತುಕತೆಗೆ ಮುಂದಿನ ಶುಕ್ರವಾರ ಗೊತ್ತಾಯಿತು, ಜುಮ್ಮಾ ನಮಾಜು ಮುಗಿದ ಮೇಲೆ, ಬಂದರಿನ ಹಾಜಿಯವರ ಮನೆಯಲ್ಲಿ. ಬಿರಿಯಾನಿಯ ಮನೆಯೆಂದು ಹೆಸರಾದ ಆ ಮನೆಯಲ್ಲಿ ಆ ದಿನ ಮೇಜಿನ ಮೇಲೆ ಗೋಳಿಬಜೆ, ಹಣ್ಣು, ಹುರಿದ ಕಾಣೆ ಮೀನು ಮಾತ್ರ ಇದ್ದವು. ವಿನಿಫ್ರೆಡ್ ಬಾಯಿ ನೋಡುತ್ತಿದ್ದಂತೆ ಬಾಗಿಲ ಪರದೆಯಾಚೆಯಿಂದ ಬೀಫಾತಿಮ್ಮರ ದನಿ ಬಂತು. "ಶುಕ್ರವಾರ ನೀವು ಕ್ರಿಶ್ಚಿಯನರು ಮಾಂಸ ಮುಟ್ಟುವುದಿಲ್ಲ ಅಲ್ವಾ ಬಾಯಮ್ಮ. ಹೆದರದೆ ತಿನ್ನಿ."

ಬಾಯಿ ತಿಂದರು. ಆದರೆ ಮೀನಿನ ಮುಳ್ಳು ಬಿಡಿಸುವಾಗಲೂ ಒಂದು ಕಣ್ಣು ಹಾಜಿಯವರ ಮೇಲಿತ್ತು. ಇಷ್ಟು ಉಪಚಾರ ಯಾಕೆ?

ನೊರ್ಬರ್ಟ್ ವಿಷಯವನ್ನು ಮುಂದಿಟ್ಟರು. ಹಾಜಿಯವರು ಬಿಳಿ ಗಡ್ಡ ನೀವಿಕೊಳ್ಳುತ್ತಾ ಕೇಳಿದರು. ಆಂಬ್ರೋಸ್ ಚಡಪಡಿಸಿದ. ವಿಲ್ಲಿ ಮಾಮ್ ಗೋಳಿಬಜೆಯನ್ನು ಕೈಯಲ್ಲೇ ಹಿಡಿದು ಮರೆತರು.

"ದಕ್ಕೆ ಇಲ್ಲದೆ ನನಗೆ ಎಂತಕ್ಕೆ ಈ ಕಾರ್ಖಾನೆ?" ಎಂದರು ಹಾಜಿಯವರು ಕೊನೆಗೆ.

"ಅದನ್ನು ಮೊದಲೇ ಹೇಳಬಹುದಿತ್ತಲ್ಲ ಹಾಜಿಯವರೇ," ಎಂದರು ಬಾಯಿ.

"ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ." ಅವರು ನಕ್ಕರು. ಮೊದಲು ಹೇಳಿದ್ದಕ್ಕಿಂತ ಬಹಳ ದೊಡ್ಡ ಬೆಲೆಯೊಂದನ್ನು ಹೇಳಿದರು, ದಕ್ಕೆಯೂ ಸೇರಿ, ನಗದು. ಆಂಬ್ರೋಸ್ ಕುರ್ಚಿಯಿಂದ ಅರ್ಧ ಎದ್ದ. ವಿಲ್ಲಿ ಮಾಮ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ಬಾಯಿ ನೊರ್ಬರ್ಟರ ಕಡೆ ನೋಡಿದರು. ಬೇಡವೆನ್ನಲಿ ಎಂದು ಕಾದರು. ನೊರ್ಬರ್ಟ್ ಟೈ ಸಡಿಲಿಸಿಕೊಂಡರು.

"ಇದು ನ್ಯಾಯವಾದ ಬೆಲೆ ಬಾಯಿ. ಕಡಿಮೆ ಅಂತ ನಾನು ಹೇಳ್ಲಿಕ್ಕಾಗುವುದಿಲ್ಲ. ಬ್ಯಾಂಕಿನಲ್ಲಿಟ್ರೆ ಬಡ್ಡಿಯಲ್ಲಿ ನಿಮ್ಮ ಜೀವನ ನಡೀತದೆ. ಷೇರು ತಗೊಂಡ್ರೆ ಇದಕ್ಕಿಂತ ಹೆಚ್ಚು ಬರಬಹುದು, ಒಂದು ವರ್ಷ ಏನೂ ಬರದೆಯೂ ಇರಬಹುದು. ಲೆಕ್ಕ ಇಲ್ಲಿವರೆಗೆ. ಇದರ ಆಚೆಗೆ ನಿಮ್ಮ ಮನಸ್ಸು, ನನ್ನದಲ್ಲ."

ಬಾಯಿಗೆ ಸಿಟ್ಟು ಬಂತು. ಇಷ್ಟು ದಿನ ಬೇಡ ಎಂದು ಈಗ ಕೈ ಬಿಟ್ಟನಲ್ಲ! ಇಲ್ಲೇನಾದರೂ ಒಳಗಿಂದೊಳಗೆ ನಡೆದಿದೆಯೇ ಎಂದು ಹಳೆಯ ಹುಳು ಮತ್ತೆ ತಲೆಯೆತ್ತಿತು. ಒಂದು ಗಳಿಗೆ ಕಳೆದ ಮೇಲೆ ಹೊಳೆಯಿತು: ತನಗೆ ಹಿತವಾದದ್ದನ್ನು ಹೇಳುವವನು ಬೇಕೆಂದು ತಾನು ಈಗಲೂ ಕಾಯುತ್ತಿದ್ದೇನೆ. ಅಂಥವರು ಬೇಕಾದರೆ ವಿಲ್ಲಿ ಮಾಮ್ ಎದುರಿಗೇ ಕುಳಿತಿದ್ದಾರೆ.

"ಹಾಜಿಯವರೇ, ದಕ್ಕೆ ಕೊಡುವುದಿಲ್ಲ," ಎಂದರು. "ಬಾಡಿಗೆಗೆ ಕೊಡ್ತೇನೆ. ಷೇರು ತಗೊಳ್ತೇನೆ. ಕಂಪೆನಿಯ ಮೀಟಿಂಗಿಗೂ ಬರ್ತೇನೆ."

"ಹೆಂಗಸರು ಮೀಟಿಂಗಿಗೆ..." ಹಾಜಿಯವರು ಗಡ್ಡದ ಮೇಲಿನ ಕೈಯನ್ನು ನಿಲ್ಲಿಸಿದರು. "ನಮ್ಮಲ್ಲಿ ಅಂಥ ವಾಡಿಕೆ ಇಲ್ಲ ಬಾಯಮ್ಮ."

ಪರದೆಯಾಚೆಯಿಂದ ಮಾತು ತೂರಿಬಂತು. "ವಾಡಿಕೆ ಇಲ್ಲದಿದ್ರೆ ಆ ದಿನ ನನ್ನನ್ನು ವಾಮಂಜೂರಿಗೆ ಅಟ್ಟಿದ್ದು ಯಾರು?"

ವಿನಿಫ್ರೆಡ್ ಬಾಯಿಯ ಕಿವಿ ಕೆಂಪಾಯಿತು. ನೊರ್ಬರ್ಟ್ ಮಾತ್ರ ಹುಬ್ಬೇರಿಸಿ, "ಓ, ಕಾರಿನಲ್ಲಿ ಬಂದದ್ದು ನೀವಾ? ಹಾಗಾದ್ರೆ ಬಸ್ಸಿನಲ್ಲಿ ಬಂದದ್ದು ಯಾರು?" ಎಂದರು. ಬಾಯಿ ತಟ್ಟೆಗೆ ಬಗ್ಗಿ ಮುಳ್ಳು ಬಿಡಿಸತೊಡಗಿದರು. ಹಾಜಿಯವರು ಮೊದಲು ಹೆಗಲು ಕುಣಿಸಿ, ಆಮೇಲೆ ಬಾಯಿಬಿಟ್ಟು ನಕ್ಕರು. ನಗು ನಿಂತ ಮೇಲೆ ಒಪ್ಪಿದರು.

"ಆದ್ರೆ ಒಂದು ಮಾತು," ಎಂದರು. "ಈ ನೊರ್ಬರ್ಟ್ ನನಗೂ ಕೆಲಸ ಮಾಡ್ಲಿ. ನಾನೂ ಫೀಸು ಕೊಡ್ತೇನೆ."

"ಆಗುವುದಿಲ್ಲ ಹಾಜಿಯವರೇ. ಒಂದೇ ವ್ಯಾಪಾರದಲ್ಲಿ ಎರಡು ಕಡೆಗೆ ನಾನು ಕೂರುವುದಿಲ್ಲ."

"ಯಾಕೆ ಮಾರಾಯ?" ವಿಲ್ಲಿ ಮಾಮ್‌ಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನಾನು ಜೀವಮಾನವಿಡೀ ಕೂತಿದ್ದೇನೆ!"

ಎರಡು ವಾರದ ಮೇಲೆ ಕರಾರು ಪತ್ರ ಸಿದ್ಧವಾಗಿ ಎಲ್ಲರೂ ಅದೇ ಕೋಣೆಯಲ್ಲಿ ಸೇರಿದರು. ಹೊರಗೆ ಮೋಡ ಕಟ್ಟಿತ್ತು. ನೊರ್ಬರ್ಟ್ ಇಂಗ್ಲಿಷಿನ ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ಆಂಬ್ರೋಸ್ ಸಹಿ ಹಾಕಿದ. ಹಾಜಿಯವರು ಸಹಿ ಹಾಕಿ ಪೆನ್ನನ್ನು ಒರಸಿ ಬಾಯಿಯ ಕೈಗೆ ಕೊಟ್ಟರು.

ಬಾಯಿ ಪೆನ್ನನ್ನು ಮೇಜಿನ ಮೇಲಿಟ್ಟರು.

"ಇನ್ನೊಮ್ಮೆ ಮೊದಲಿಂದ ಓದಿ."

"ವೊನಿ! ಈಗ ಯಾರ ಮೇಲೆ ಡೌಟು?" ಆಂಬ್ರೋಸ್ ತಲೆ ಹಿಡಿದುಕೊಂಡ.

"ಯಾರ ಮೇಲೂ ಇಲ್ಲ. ಸಹಿ ನನ್ನದಲ್ವಾ?"

ಹಾಜಿಯವರು ಎದ್ದುಹೋಗಿ ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದು, ಬಾಯಿಯ ಕಡೆಗೆ ಬೆಳಕು ಬೀಳುವಂತೆ ಮಾಡಿ ಬಂದು ಕುಳಿತರು. ನೊರ್ಬರ್ಟ್ ಹಾಳೆಗಳನ್ನು ಹಿಂದಕ್ಕೆ ಮಗುಚಿ ಮೊದಲ ಸಾಲಿನಿಂದ ಶುರು ಮಾಡಿದರು. ಎರಡನೆಯ ವಾಕ್ಯ ಮುಗಿಯುವ ಮೊದಲೇ ಬಾಯಿ ಕೈಯೆತ್ತಿದರು.

"ನಿಲ್ಲಿ. ಈ ಮಾತಿಗೆ ಎಂತ ಅರ್ಥ?"